'ಹೊಸ ಪ್ರಭೇದ ಪತ್ತೆ' ಎಂಬ ತಪ್ಪು ತಲೆಬರಹ

ಕನ್ನಡ ಪತ್ರಿಕೆಗಳಲ್ಲಿ ವರ್ಷಕ್ಕೆ ಹಲವು ಸಲ ಬರುವ ಒಂದು ತಲೆಬರಹವಿದೆ: 'ಹೊಸ ಪ್ರಭೇದ ಪತ್ತೆ'. ಘಟ್ಟದಲ್ಲಿ ಕಪ್ಪೆ ಪತ್ತೆ, ಕಾಡಿನಲ್ಲಿ ಜೇಡ ಪತ್ತೆ, ಬಂಡೆಯಲ್ಲಿ ಪಳೆಯುಳಿಕೆ ಪತ್ತೆ. ಕೆಳಗೆ ಒಂದು ಚಿತ್ರ, ಇಬ್ಬರು ವಿಜ್ಞಾನಿಗಳ ಹೆಸರು, 'ವಿಶ್ವದಲ್ಲೇ ಮೊದಲು' ಎಂಬ ಮಾತು. ಮರುದಿನ ಎಲ್ಲರೂ ಅದನ್ನು ಮರೆತಿರುತ್ತಾರೆ.

ಈ ತಲೆಬರಹದಲ್ಲಿ ತಪ್ಪಿರುವುದು 'ಪತ್ತೆ' ಎಂಬ ಪದದಲ್ಲಿ. ಕಳೆದುಹೋದ ಎಮ್ಮೆ ಪತ್ತೆಯಾಗುತ್ತದೆ, ತಲೆಮರೆಸಿಕೊಂಡ ಕಳ್ಳ ಪತ್ತೆಯಾಗುತ್ತಾನೆ. ಎಮ್ಮೆಗೆ ಒಡೆಯನಿದ್ದಾನೆ, ಕಳ್ಳನಿಗೆ ಹೆಸರಿದೆ. ಯಾರು, ಏನು ಎಂಬುದು ಮೊದಲೇ ಗೊತ್ತಿದ್ದು, ಎಲ್ಲಿ ಎಂಬುದಷ್ಟೇ ಗೊತ್ತಿಲ್ಲದಾಗ ಪತ್ತೆ ಹಚ್ಚುವ ಕೆಲಸ ಬರುತ್ತದೆ. ಹೊಸ ಪ್ರಭೇದದ ವಿಷಯದಲ್ಲಿ ಸ್ಥಿತಿ ಇದಕ್ಕೆ ತಿರುಗುಮುರುಗು. ವಸ್ತು ಕೈಯಲ್ಲೇ ಇದೆ, ಬಹಳ ಸಲ ವರ್ಷಗಟ್ಟಲೆಯಿಂದ ಡಬ್ಬಿಯಲ್ಲೇ ಇದೆ. ಅದು ಏನು ಎಂಬುದು ಗೊತ್ತಿಲ್ಲ. ಅದನ್ನು ಗೊತ್ತುಮಾಡುವ ಕೆಲಸಕ್ಕೆ ಪತ್ರಿಕೆಯ ಕನ್ನಡದಲ್ಲಿ ಪದವೇ ಇಲ್ಲದಂತಾಗಿದೆ. ಪದವಿಲ್ಲದ ಕೆಲಸಕ್ಕೆ ಗೌರವ ಸಿಗುವುದಿಲ್ಲ, ಹಣ ಸಿಗುವುದಿಲ್ಲ, ಆ ಕೆಲಸ ನಡೆಯಬೇಕಾದ ಜಾಗಕ್ಕೆ ರಕ್ಷಣೆಯೂ ಸಿಗುವುದಿಲ್ಲ.

ದೊಡ್ಡ ಪ್ರಾಣಿಗಳ ಉದಾಹರಣೆ ತೆಗೆದುಕೊಂಡರೆ ಇದು ಸರಿಯಾಗಿ ಕಾಣುವುದಿಲ್ಲ. ಡೈನೋಸಾರಿನ ಮೊಟ್ಟೆಗೆ ವಕೀಲರು ಬೇಕಿಲ್ಲ. ಆದ್ದರಿಂದ ರಾಗಿ ಕಾಳಿಗಿಂತ ಚಿಕ್ಕದಾದ ಒಂದು ಚಿಪ್ಪನ್ನು ಇಲ್ಲಿ ಮುಂದಿಡಬೇಕಾಗಿದೆ. ಅದರ ಹೆಸರು ಆಸ್ಟ್ರಕೋಡ್.

ಕಪ್ಪುಕಲ್ಲಿನ ನಡುವಿನ ಕೆರೆ

ನವಿ ಮುಂಬಯಿಯ ರಬಾಳೆ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ನೋಡಿದರೆ ಎಂಐಡಿಸಿ ಶೆಡ್ಡುಗಳ ಹಿಂದೆ ಪಾರಸಿಕ್ ಗುಡ್ಡದ ಸಾಲು ಕಾಣುತ್ತದೆ. ಥಾಣೆ–ಬೇಲಾಪುರ ರಸ್ತೆಯ ಆಚೆಗೆ ಆ ಗುಡ್ಡಗಳನ್ನು ಅಲ್ಲಲ್ಲಿ ಸೀಳಿ ಜಲ್ಲಿ ಮಾಡಿದ್ದಾರೆ. ಸೀಳಿದ ಕಡೆ ಕಾಣುವುದು ಕಪ್ಪುಕಲ್ಲು, ಅಂದರೆ ಬಸಾಲ್ಟ್. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಬಂದು ಇಲ್ಲಿ ನೆಲೆ ನಿಂತವರಿಗೆ ಆ ಕಲ್ಲು ಹೊಸದಲ್ಲ. ಊರಿನಲ್ಲಿ ಎರೆಹೊಲದ ಕೆಳಗೆ ಇದ್ದದ್ದೂ ಅದೇ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಕಾಲದಲ್ಲಿ ಲಾವಾ ಅಲೆಅಲೆಯಾಗಿ ಹರಿದು ಮುಂಬಯಿಯಿಂದ ಕಲಬುರಗಿಯ ಆಚೆಗೂ ದಖ್ಖನ್ನಿನ ನೆಲವನ್ನು ಮುಚ್ಚಿತು.

ಒಂದು ಅಲೆಗೂ ಇನ್ನೊಂದು ಅಲೆಗೂ ನಡುವೆ ಬಿಡುವಿತ್ತು. ಆ ಬಿಡುವಿನಲ್ಲಿ ಮಳೆ ಬಂತು, ತಗ್ಗಿನಲ್ಲಿ ನೀರು ನಿಂತಿತು, ಕೆರೆಗಳಾದವು, ಕಪ್ಪೆ, ಆಮೆ, ಬಸವನಹುಳು, ಪಾಚಿ ಎಲ್ಲ ಬಂದು ಸೇರಿದವು. ಮತ್ತೆ ಲಾವಾ ಬಂದು ಎಲ್ಲವನ್ನೂ ಮುಚ್ಚಿತು. ಕಪ್ಪುಕಲ್ಲಿನ ಎರಡು ದಪ್ಪ ಹಾಸುಗಳ ನಡುವೆ ಜೇಡಿಯ, ಸುಣ್ಣಕಲ್ಲಿನ ಒಂದು ತೆಳು ಪದರವಾಗಿ ಆ ಕೆರೆ ಉಳಿಯಿತು. ಭೂವಿಜ್ಞಾನಿಗಳು ಇದನ್ನು ಇಂಟರ್‌ಟ್ರಾಪಿಯನ್ ಪದರ ಎನ್ನುತ್ತಾರೆ. ಮುಂಬಯಿಯ ವರ್ಲಿ ಗುಡ್ಡದ ಇಂಥ ಪದರದ ಪುಟ್ಟ ಕಪ್ಪೆಗೆ ರಿಚರ್ಡ್ ಓವೆನ್ 1847ರಲ್ಲಿ ಹೆಸರು ಕೊಟ್ಟರು. ಸೈನ್ಯದ ವೈದ್ಯ ಎಚ್.ಜೆ. ಕಾರ್ಟರ್ 1852ರಲ್ಲಿ ಮುಂಬಯಿ ದ್ವೀಪದ ಭೂವಿಜ್ಞಾನವನ್ನೇ ಬರೆದರು. ಕರ್ನಾಟಕದಲ್ಲಿ ಗುರುಮಠಕಲ್ ಬಳಿಯ ಪದರದಲ್ಲಿ ಕೆರೆಪಾಚಿಯ ಸೂಕ್ಷ್ಮ ಕಾಯಿಗಳ ಬಗ್ಗೆ ಶಿವರುದ್ರಪ್ಪ ಎಂಬ ಸಂಶೋಧಕರು 1972ರಲ್ಲೇ ಬರೆದಿದ್ದಾರೆ. ಆಗಿನ ಗುಲ್ಬರ್ಗಾ ಜಿಲ್ಲೆಯ ಪದರಗಳ ಆಸ್ಟ್ರಕೋಡ್‌ಗಳನ್ನೇ ಕುರಿತು ವೇಲ್ಸಿನ ರಾಬಿನ್ ವಾಟ್ಲಿ, ರೂರ್ಕಿಯ ಸುನಿಲ್ ಬಾಜಪೇಯಿ ಮತ್ತು ಶ್ರೀನಿವಾಸನ್ 2002ರಲ್ಲಿ ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. ಅದು ಬಂದದ್ದು ಸ್ಪೇನಿನ ಒಂದು ವಿಜ್ಞಾನ ಪತ್ರಿಕೆಯಲ್ಲಿ.

ಆಸ್ಟ್ರಕೋಡ್ ಸೀಗಡಿ, ಏಡಿಗಳ ಬಳಗದ ಜೀವಿ. ಇಂದೂ ಕೆರೆ, ಬಾವಿ, ಗದ್ದೆಯ ನೀರಿನಲ್ಲಿ ಬದುಕಿದೆ. ಮೈಯನ್ನು ಎರಡು ಸುಣ್ಣದ ಚಿಪ್ಪುಗಳ ನಡುವೆ ಅಡಗಿಸಿಕೊಂಡು, ಬೆನ್ನಿನ ಕಡೆ ಬಾಗಿಲ ತಿರುಗಣಿಯಂಥ ಕೀಲಿನಿಂದ ತೆರೆದು ಮುಚ್ಚುತ್ತದೆ. ಹೆಚ್ಚಿನವು ಒಂದೆರಡು ಮಿಲಿಮೀಟರನ್ನೂ ಮೀರುವುದಿಲ್ಲ. ಸತ್ತ ಮೇಲೆ ಕಾಲು, ಮೀಸೆ, ಕರುಳು ಕರಗಿಹೋಗುತ್ತವೆ. ಉಳಿಯುವುದು ಚಿಪ್ಪು ಮಾತ್ರ.

ಕಸುಬಿನ ಲೆಕ್ಕ

ಈ ಚಿಪ್ಪು 'ಪತ್ತೆಯಾಗಲು' ಕಷ್ಟವೇನೂ ಇಲ್ಲ. ಒಂದು ಚೀಲ ಜೇಡಿಮಣ್ಣು ತಂದು, ನೀರಿನಲ್ಲೋ ಹೈಡ್ರೋಜನ್ ಪೆರಾಕ್ಸೈಡಿನಲ್ಲೋ ನೆನೆಹಾಕಿ, ಸಣ್ಣ ಕಣ್ಣಿನ ಜರಡಿಗಳಲ್ಲಿ ತೊಳೆದು ಒಣಗಿಸಿದರೆ ಚಿಟಿಕೆ ಪುಡಿ ಉಳಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಹರಡಿ, ಒದ್ದೆ ಕುಂಚದ ತುದಿಯಿಂದ ಒಂದೊಂದೇ ಚಿಪ್ಪನ್ನು ಎತ್ತಿ ಕಪ್ಪು ಹಿನ್ನೆಲೆಯ ಸ್ಲೈಡಿನ ಚೌಕದಲ್ಲಿಡಬೇಕು. ಒಳ್ಳೆಯ ಮಣ್ಣಾದರೆ ನೂರಾರು ಸಿಗುತ್ತವೆ. ಪತ್ರಿಕೆಯ ಪ್ರಕಾರ ಕೆಲಸ ಇಲ್ಲಿಗೆ ಮುಗಿಯಿತು. ನಿಜವಾಗಿ ಅದು ಶುರುವಾಗುವುದೇ ಇಲ್ಲಿಂದ.

ಮೊದಲ ತೊಡಕು ವಯಸ್ಸಿನದು. ಆಸ್ಟ್ರಕೋಡ್ ಬೆಳೆಯುತ್ತ ಹಳೆಯ ಚಿಪ್ಪನ್ನು ಕಳಚಿ ಹೊಸದನ್ನು ಕಟ್ಟಿಕೊಳ್ಳುತ್ತದೆ. ಸಿಹಿನೀರಿನ ಸಾಮಾನ್ಯ ಬಗೆಗಳು ಎಂಟು ಸಲ ಕಳಚಿ ಒಂಬತ್ತನೆಯ ಹಂತದಲ್ಲಿ ಪ್ರಾಯಕ್ಕೆ ಬರುತ್ತವೆ. ಅಂದರೆ ಒಂದೇ ಜೀವಿ ಒಂಬತ್ತು ಜೊತೆ, ಹದಿನೆಂಟು ಬಿಡಿ ಚಿಪ್ಪುಗಳವರೆಗೆ ಕೆರೆಯ ತಳಕ್ಕೆ ಬಿಡಬಹುದು. ಮರಿಯ ಚಿಪ್ಪು ತಾಯಿಯದರ ಚಿಕ್ಕ ಪ್ರತಿಯಲ್ಲ. ಅದರ ಆಕಾರ, ಕೀಲು, ಅಂಚಿನ ಅಗಲ ಎಲ್ಲವೂ ಬೇರೆ. ಎರಡನೆಯ ತೊಡಕು ಗಂಡುಹೆಣ್ಣಿನದು: ಕೆಲವು ಬಗೆಗಳಲ್ಲಿ ಗಂಡಿನ ಚಿಪ್ಪು ಹೆಣ್ಣಿನದಕ್ಕಿಂತ ಉದ್ದ, ಕೆಲವು ಕಡೆ ಗಂಡುಗಳೇ ಇಲ್ಲದೆ ಹೆಣ್ಣುಗಳೇ ಸಂತಾನ ನಡೆಸುತ್ತವೆ. ಮೂರನೆಯದು ಎಡಬಲದ್ದು: ಎರಡು ಚಿಪ್ಪುಗಳಲ್ಲಿ ಒಂದು ದೊಡ್ಡದಾಗಿ ಇನ್ನೊಂದರ ಅಂಚನ್ನು ಆವರಿಸುತ್ತದೆ, ಯಾವುದು ಎಂಬುದೇ ಕೆಲವು ಬಾರಿ ಗುರುತಿನ ಅಂಶ. ನಾಲ್ಕನೆಯದು ಮಣ್ಣಿನದ್ದು: ಕೋಟ್ಯಂತರ ವರ್ಷಗಳ ಭಾರದಲ್ಲಿ ಚಿಪ್ಪು ಚಪ್ಪಟೆಯಾಗಿರಬಹುದು, ಮೈಮೇಲಿನ ಕುಳಿ, ಗೆರೆ, ಗುಬುಟು ಸವೆದಿರಬಹುದು. ಸಿಹಿನೀರಿನ ಆಸ್ಟ್ರಕೋಡ್‌ಗಳಲ್ಲಿ ಬಹಳಷ್ಟು ಮೊದಲೇ ನುಣುಪು. ಗುರುತಿಗೆ ಉಳಿಯುವುದು ಹೊರಗೆರೆ, ಕೀಲು, ಅಂಚಿನ ರಂಧ್ರನಾಳಗಳು ಮತ್ತು ಚಿಪ್ಪನ್ನು ಮುಚ್ಚುತ್ತಿದ್ದ ಸ್ನಾಯುಗಳು ಒಳಮೈಯಲ್ಲಿ ಬಿಟ್ಟ ಕೆಲವೇ ಕಲೆಗಳು.

ಇಷ್ಟನ್ನೂ ನೂರಾರು ಚಿಪ್ಪುಗಳಲ್ಲಿ ಅಳೆದು, ಮರಿ ಯಾವುದು, ಬೆಳೆದದ್ದು ಯಾವುದು ಎಂದು ಬೇರ್ಪಡಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಇನ್ನೂರು ವರ್ಷಗಳಿಂದ ಹಲವು ಭಾಷೆಗಳಲ್ಲಿ ಬಂದ ವಿವರಗಳ ಜೊತೆ ಹೋಲಿಸಿದ ಮೇಲೆ ಸಂಶೋಧಕಿ ಒಂದು ವಾಕ್ಯ ಬರೆಯುವ ಹಕ್ಕು ಪಡೆಯುತ್ತಾಳೆ: ಇದು ಇಂಥಿಂಥ ಗುರುತುಗಳಿಂದ ಬೇರೆ ಎಲ್ಲದರಿಂದ ಬೇರೆ. ಪ್ರಾಣಿನಾಮಗಳ ಅಂತರರಾಷ್ಟ್ರೀಯ ನಿಯಮಾವಳಿ ಬೇಡುವುದೂ ಇದನ್ನೇ. 1930ರ ನಂತರ ಬೇರ್ಪಡಿಸುವ ಗುರುತು ಹೇಳದೆ ಕೊಟ್ಟ ಹೆಸರಿಗೆ ಮಾನ್ಯತೆ ಇಲ್ಲ. 1999ರ ನಂತರ, ಹೆಸರನ್ನು ಹೊರುವ ಮಾದರಿ ಯಾವುದೆಂದು ಲೇಖಕರು ಸ್ಪಷ್ಟವಾಗಿ ಗೊತ್ತುಮಾಡದ ಪ್ರಭೇದಕ್ಕೂ ಇಲ್ಲ. ಆ ಒಂದು ಮಾದರಿಯನ್ನು ಹೋಲೊಟೈಪ್ ಎನ್ನುತ್ತಾರೆ. ಮುಂದೆ ಯಾರಿಗೆ ಸಂದೇಹ ಬಂದರೂ ಅದರ ಬಳಿಗೇ ಹೋಗಬೇಕು.

ಕನ್ನಡಕ್ಕೆ ಪದದ ಬರವಿಲ್ಲ

ಈ ವಾಕ್ಯಕ್ಕೆ ಇಂಗ್ಲಿಷಿನಲ್ಲಿರುವ ಕ್ರಿಯಾಪದವನ್ನು ಸುದ್ದಿಮನೆಗಳು 'ವರ್ಣಿಸಿದ್ದಾರೆ' ಎಂದು ಮಾಡಿದಾಗ ಅದು ಚಂಪೂಕಾವ್ಯದ ಅಷ್ಟಾದಶ ವರ್ಣನೆಯಂತೆ ಕೇಳುತ್ತದೆ. ಅದು ಸರಿಹೋಗದೆ 'ಪತ್ತೆ'ಗೆ ಹಿಂದಿರುಗುತ್ತಾರೆ. ಇನ್ನು ಕೆಲವರು ಇಂಥದಕ್ಕೆ ಕನ್ನಡದಲ್ಲಿ ಪದವೇ ಇಲ್ಲ ಎಂದು ಕೈತೊಳೆದುಕೊಳ್ಳುತ್ತಾರೆ. ಇದು ಸೋಮಾರಿತನದ ಮಾತು. ಪದ ಇದೆ, ಸಾವಿರ ವರ್ಷಗಳಿಂದ ಬಳಕೆಯಲ್ಲೂ ಇದೆ: ಲಕ್ಷಣ.

ತರ್ಕಶಾಸ್ತ್ರದಲ್ಲಿ ಲಕ್ಷಣ ಎಂದರೆ ಒಂದು ವಸ್ತುವನ್ನು ಉಳಿದೆಲ್ಲದರಿಂದ ಬೇರ್ಪಡಿಸುವ ಗುರುತು. ಅದಕ್ಕೆ ಮೂರು ದೋಷ ತಗಲಬಾರದು. ಹಸುವಿಗೆ 'ಕಂದು ಬಣ್ಣ' ಎಂದು ಲಕ್ಷಣ ಹೇಳಿದರೆ ಬಿಳಿ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. 'ಕೊಂಬಿರುವುದು' ಎಂದರೆ ಎಮ್ಮೆಯೂ ಒಳಬರುತ್ತದೆ, ಅದು ಅತಿವ್ಯಾಪ್ತಿ. 'ಒಂಟಿ ಗೊರಸಿನದು' ಎಂದರೆ ಯಾವ ಹಸುವಿಗೂ ಹೊಂದುವುದಿಲ್ಲ, ಅದು ಅಸಂಭವ. ಆಸ್ಟ್ರಕೋಡ್ ತಜ್ಞರು ದಿನವೂ ಹೋರಾಡುವುದು ಈ ದೋಷಗಳ ಜೊತೆಗೇ. ಮರಿಯ ಚಿಪ್ಪನ್ನು ನೋಡಿ ಬರೆದ ಲಕ್ಷಣ ತಾಯಿಯನ್ನೇ ಹೊರಗಿಡುತ್ತದೆ. 'ನುಣುಪಾದ, ಮೊಟ್ಟೆಯಾಕಾರದ ಚಿಪ್ಪು' ಎಂದು ಬರೆದರೆ ಅರ್ಧ ಜಗತ್ತಿನ ಆಸ್ಟ್ರಕೋಡ್‌ಗಳು ಒಳಗೆ ಬರುತ್ತವೆ. ಅಡಿಯಲ್ಲಿ ಚಪ್ಪಟೆಯಾದ ಚಿಪ್ಪಿನ ಆಕಾರವನ್ನೇ ಲಕ್ಷಣವೆಂದು ಬರೆದರೆ ಬದುಕಿದ್ದ ಯಾವ ಜೀವಿಗೂ ಅದು ಹೊಂದುವುದಿಲ್ಲ.

ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸೂತ್ರ ಹೇಳಿ, ವೃತ್ತಿ ಬರೆದು, ಪ್ರಯೋಗ ಕೊಟ್ಟ. ಪ್ರಭೇದದ ಪ್ರಬಂಧದ ಕಟ್ಟೂ ಅದೇ: ಬೇರ್ಪಡಿಸುವ ಚಿಕ್ಕ ಲಕ್ಷಣ, ಅದರ ಕೆಳಗೆ ದೀರ್ಘ ವಿವರ, ಸಾಕ್ಷಿಯಾಗಿ ಮಾದರಿ. ಹಳಗನ್ನಡದ ಒಂದು ರೂಪಕ್ಕೆ ಯಾವ ಕವಿಯ ಯಾವ ಪದ್ಯದಲ್ಲಿ ಪ್ರಯೋಗವಿದೆ ಎಂದು ಕೇಳದೆ ಒಪ್ಪದ ಭಾಷೆ ಇದು. ಅದೇ ಭಾಷೆಯ ಪತ್ರಿಕೆ, ಹೊಸ ಪ್ರಭೇದದ ಸುದ್ದಿ ಬಂದಾಗ 'ಪ್ರಯೋಗ ಎಲ್ಲಿದೆ' ಎಂದು ಯಾಕೆ ಕೇಳುವುದಿಲ್ಲ?

ಒಂದು ಹೆಸರಿನ ಮೇಲೆ ಒಂದು ಖಂಡ

ಹೆಸರಿಡುವುದು ಗುಮಾಸ್ತಿಕೆ, ನಿಜವಾದ ವಿಜ್ಞಾನ ಬೇರೆ ಕಡೆ ನಡೆಯುತ್ತದೆ ಎಂಬ ಮಾತು ವಿಜ್ಞಾನಿಗಳ ನಡುವೆಯೂ ಇದೆ. ದಖ್ಖನ್ನಿನ ಆಸ್ಟ್ರಕೋಡ್‌ಗಳ ಚರಿತ್ರೆ ಆ ಮಾತಿಗೆ ಸಾಕಷ್ಟು ಉತ್ತರ ಕೊಡುತ್ತದೆ.

ಮದರಾಸು ಸೈನ್ಯದ ವೈದ್ಯ ಮಾಲ್ಕಂಸನ್ ದಖ್ಖನ್ನಿನ ಕಪ್ಪುಕಲ್ಲಿನ ನಾಡಿನಿಂದ ಲಂಡನ್ನಿಗೆ ಒಯ್ದ ಪಳೆಯುಳಿಕೆಗಳಲ್ಲಿ ಎರಡು ಆಸ್ಟ್ರಕೋಡ್‌ಗಳಿಗೆ ಸೋವರ್ಬಿ 1840ರಲ್ಲಿ ಹೆಸರಿಟ್ಟರು: ಸಿಪ್ರಿಸ್ ಸಿಲಿಂಡ್ರಿಕಾ ಮತ್ತು ಸಿಪ್ರಿಸ್ ಸಬ್‌ಗ್ಲೊಬೋಸಾ. ಒಂದು ಕೊಳವೆಯಂತೆ ನೀಳ, ಇನ್ನೊಂದು ಹೆಚ್ಚುಕಡಿಮೆ ಗುಂಡು. ಆ ಕಾಲದ ಲಕ್ಷಣ ಒಂದೆರಡು ಸಾಲಿನದು, ಸ್ನಾಯುಕಲೆಯ ಮಾತೇ ಇಲ್ಲ. ನಾಗಪುರದ ಮಿಷನರಿ ಸ್ಟೀಫನ್ ಹಿಸ್ಲಾಪ್ ಕಳಿಸಿದ ಚಿಪ್ಪುಗಳಿಗೆ ರೂಪರ್ಟ್ ಜೋನ್ಸ್ 1860ರಲ್ಲಿ ಇನ್ನಷ್ಟು ಹೆಸರು ಕೊಟ್ಟರು. ಆಗ ನುಣುಪಾದ ಸಿಹಿನೀರಿನ ಚಿಪ್ಪೆಂದರೆ ಬಹುತೇಕ ಎಲ್ಲವೂ ಸಿಪ್ರಿಸ್. ಅತಿವ್ಯಾಪ್ತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮುಂದಿನವರು ಒಳಮೈ ನೋಡಿ ಅವನ್ನು ಬೇರೆ ಬೇರೆ ಕುಲಗಳಿಗೆ ಸಾಗಿಸಿದರು. ಸೋವರ್ಬಿಯ ಸಿಲಿಂಡ್ರಿಕಾ ಒಬ್ಬರ ಕೈಯಲ್ಲಿ ಸ್ಟೆನೊಸಿಪ್ರಿಸ್ ಆಯಿತು, ಇನ್ನೊಬ್ಬರ ಕೈಯಲ್ಲಿ ಮಂಗೋಲಿಯನೆಲ್ಲಾ ಆಯಿತು. ಕುಲ ಬದಲಾದಾಗ ಮೊದಲು ಹೆಸರಿಟ್ಟವರನ್ನು ಆವರಣಚಿಹ್ನೆಯೊಳಗೆ ಬರೆಯುವುದು ಪ್ರಾಣಿಶಾಸ್ತ್ರದ ನಿಯಮ. ಹಾಗಾಗಿ 'ಮಂಗೋಲಿಯನೆಲ್ಲಾ ಸಿಲಿಂಡ್ರಿಕಾ (ಸೋವರ್ಬಿ, 1840)' ಎಂದು ಓದಿದವರಿಗೆ ಆ ಎರಡು ಕಂಸಗಳಲ್ಲೇ ಒಂದೂವರೆ ಶತಮಾನದ ತಕರಾರು ಕಾಣಬೇಕು. ಪತ್ರಿಕೆಗೆ ಅದು ಅಚ್ಚಿನ ಅಡಚಣೆ, ತೆಗೆದುಹಾಕುತ್ತಾರೆ.

ತಕರಾರು ಬರೀ ಹೆಸರಿನದಾಗಿರಲಿಲ್ಲ. ಹಿಸ್ಲಾಪ್ ತನ್ನ ಪ್ರಬಂಧದ ತಲೆಬರಹದಲ್ಲೇ ಈ ಪದರಗಳನ್ನು ಟರ್ಷಿಯರಿ ಎಂದಿದ್ದರು. ಅಂದರೆ ಡೈನೋಸಾರುಗಳು ಅಳಿದ ನಂತರದ ಕಾಲ. ದಖ್ಖನ್ನಿನ ಲಾವಾ ಡೈನೋಸಾರುಗಳ ಅಳಿವಿಗೆ ಮುಂಚೆಯೇ ಹರಿಯಲು ಶುರುವಾಗಿತ್ತು ಎಂದು ಇಂದು ಎಲ್ಲರೂ ಒಪ್ಪಿದ್ದರೆ, ಅದಕ್ಕೆ ಕಲ್ಲಿನ ವಿಕಿರಣ ಕಾಲಗಣನೆಯ ಜೊತೆಗೆ ಈ ಚಿಪ್ಪುಗಳ ಸಾಕ್ಷಿಯೂ ಸೇರಿದೆ. ಎಸ್.ಬಿ. ಭಾಟಿಯಾ ಮತ್ತು ಸಂಗಡಿಗರು 1990ರಲ್ಲಿ ಆಸ್ಟ್ರಕೋಡ್‌ಗಳ ಆಧಾರದ ಮೇಲೆಯೇ ಈ ವಾದ ಹೂಡಿದರು.

ಇನ್ನೊಂದು ವಾದ ಇದಕ್ಕಿಂತ ದೊಡ್ಡದು. 1980ರ ದಶಕದಲ್ಲಿ ದಖ್ಖನ್ನಿನ ಹಲವು ಚಿಪ್ಪುಗಳನ್ನು ಚೀನಾ ಮತ್ತು ಮಂಗೋಲಿಯಾದ ರೂಪಗಳ ಜೊತೆ ಹೋಲಿಸಲಾಯಿತು. ಸಿಹಿನೀರಿನ ಈ ಜೀವಿ ಸಮುದ್ರ ಈಜಿ ಬರುವುದಿಲ್ಲ. ಎರಡೂ ಕಡೆ ಒಂದೇ ಬಗೆಯಿದ್ದರೆ ಭಾರತಕ್ಕೂ ಏಷ್ಯಾಕ್ಕೂ ಆಗಲೇ ಏನೋ ನಂಟಿರಬೇಕಲ್ಲವೇ? ಭೂಭೌತ ವಿಜ್ಞಾನದ ಲೆಕ್ಕದಲ್ಲಿ ಭಾರತ ಆಗ ಸಾಗರದ ನಡುವೆ ತೇಲುತ್ತಿದ್ದ ಒಂಟಿ ಭೂಭಾಗ. ಯಾರನ್ನು ನಂಬುವುದು? ಗುಲ್ಬರ್ಗಾ, ಕಚ್ಛ್, ಛಿಂದ್ವಾಡದ ಚಿಪ್ಪುಗಳನ್ನು ಒಂದೊಂದಾಗಿ ಮತ್ತೆ ನೋಡಿದ ವಾಟ್ಲಿ ಮತ್ತು ಬಾಜಪೇಯಿ ಬೇರೆ ತೀರ್ಮಾನಕ್ಕೆ ಬಂದರು. ಕುಲ ಹೊರಗಿನವೂ ಆಗಿರಬಹುದು, ಆದರೆ ಪ್ರಭೇದಗಳಲ್ಲಿ ಬಹುಪಾಲು ಇಲ್ಲಿಯವೇ, ಬೇರೆಲ್ಲೂ ಇಲ್ಲದವು. ದ್ವೀಪದಂತಿದ್ದ ನೆಲದಲ್ಲಿ ಹಾಗೇ ಇರಬೇಕು. ಇಲ್ಲಿ ವಿಕಾಸಗೊಂಡ ಕೆಲವು ವಂಶಗಳು ಮುಂದೆ ಭಾರತದಿಂದ ಹೊರಕ್ಕೆ ಹರಡಿರಬಹುದು ಎಂಬ ಮಾತನ್ನೂ 2006ರ ಪ್ರಬಂಧದಲ್ಲಿ ಮುಂದಿಟ್ಟರು.

ಇದನ್ನು ಒಪ್ಪದವರೂ ಇರಬಹುದು. ಗಮನಿಸಬೇಕಾದದ್ದು ಬೇರೆ. ಸೂಕ್ಷ್ಮದರ್ಶಕದ ಕೆಳಗೆ 'ಇದು ಮಂಗೋಲಿಯಾದ್ದೇ' ಎಂದು ಬರೆಯುವುದಕ್ಕೂ 'ಇದು ಬೇರೆ' ಎಂದು ಬರೆಯುವುದಕ್ಕೂ ನಡುವೆ ಒಂದು ಖಂಡದ ಚಲನೆಯೇ ನಿಂತಿದೆ. ಚಿಪ್ಪು ಎರಡೂ ಸಲ ಅದೇ. ಅದರ ಲಕ್ಷಣವನ್ನು ಓದಿದ ರೀತಿ ಬದಲಾಗಿದೆ. 'ಪತ್ತೆ' ಎಂಬ ಪದ ಅಡಗಿಸಿಡುವುದು ಈ ಹೊಣೆಯನ್ನೇ. ಪತ್ತೆಯಾದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ, ಬರೆದದ್ದನ್ನು ಪ್ರಶ್ನಿಸಬಹುದು.

ಪ್ರಶ್ನಿಸದಿದ್ದರೆ ಏನಾಗುತ್ತದೆ ಎಂಬುದಕ್ಕೂ ಭಾರತದಲ್ಲೇ ಉದಾಹರಣೆಯಿದೆ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿ.ಜೆ. ಗುಪ್ತಾ ಎರಡು ದಶಕಗಳಿಗೂ ಹೆಚ್ಚು ಕಾಲ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ನೂರಾರು ಪ್ರಬಂಧ ಪ್ರಕಟಿಸಿದರು. ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ ನೇಚರ್ ಪತ್ರಿಕೆಯಲ್ಲಿ ಅದರ ಗುಟ್ಟು ಬಿಚ್ಚಿಟ್ಟರು: ಹಿಮಾಲಯದವೆಂದು ತೋರಿಸಿದ ಮಾದರಿಗಳಲ್ಲಿ ನ್ಯೂಯಾರ್ಕ್ ರಾಜ್ಯದ ಕಾನೊಡಾಂಟ್‌ಗಳಿದ್ದವು, ಮೊರಾಕ್ಕೊದ ಅಮ್ಮೊನಾಯ್ಡ್‌ಗಳಿದ್ದವು. ಪಳೆಯುಳಿಕೆ ಅಸಲಿ, ಊರು ನಕಲಿ. ಅಷ್ಟು ವರ್ಷ ಇದು ನಡೆದದ್ದು ಹೇಗೆ? ಹೊಸದು ಸಿಕ್ಕಿದೆ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವ ಹಳ್ಳದ ಯಾವ ಪದರ, ಮಾದರಿ ಈಗ ಎಲ್ಲಿದೆ ಎಂದು ಕೇಳಿದವರು ಕಡಿಮೆ.

ಎದುರುವಾದಗಳು

ಪತ್ರಿಕೆಯವರು ಹೇಳುವುದುಂಟು: ಓದುಗನಿಗೆ ಇಷ್ಟೆಲ್ಲ ಬೇಡ, ತಲೆಬರಹ ಚಿಕ್ಕದಿರಬೇಕು. ಆದರೆ ಕ್ರಿಕೆಟ್ಟಿನಲ್ಲಿ ಎಲ್‌ಬಿಡಬ್ಲ್ಯು ತೀರ್ಪಿನ ಬಗ್ಗೆ ಚೆಂಡು ಎಲ್ಲಿ ಬಿತ್ತು, ಎಲ್ಲಿ ತಗಲಿತು, ಎತ್ತ ಹೋಗುತ್ತಿತ್ತು ಎಂದು ಅರ್ಧ ಪುಟ ಓದುವವನೂ ಇದೇ ಓದುಗ. ಗುರುತಿನ ತಕರಾರು ಯಾರಿಗೂ ರುಚಿಸುವುದಿಲ್ಲ ಎಂಬುದು ಸುಳ್ಳು.

ಇನ್ನು ಕೆಲವರು ಉಪಯೋಗ ಕೇಳುತ್ತಾರೆ. ತೈಲ ಬಾವಿ ಕೊರೆಯುವವರು ಮೇಲೆ ಬಂದ ಪುಡಿಯ ಕಾಲ ತಿಳಿಯಲು ಸೂಕ್ಷ್ಮ ಪಳೆಯುಳಿಕೆಗಳನ್ನೇ ನೋಡುತ್ತಾರೆ, ಕೆರೆಯ ಹಳೆಯ ಉಪ್ಪು, ಹಳೆಯ ಬರಗಾಲ ತಿಳಿಯಲೂ ಆಸ್ಟ್ರಕೋಡ್ ಚಿಪ್ಪು ಸಾಕ್ಷಿಯಾಗುತ್ತದೆ. ಇಷ್ಟು ಉತ್ತರ ಸಾಕು. ಉಪಯೋಗದ ಪಟ್ಟಿ ಬೆಳೆಸುತ್ತ ಹೋದರೆ, ಉಪಯೋಗ ಕಾಣದ ದಿನ ಬಿಟ್ಟುಬಿಡಬಹುದು ಎಂದು ಒಪ್ಪಿಕೊಂಡಂತೆ.

ಮೂರನೆಯ ವಾದಕ್ಕೆ ತೂಕವಿದೆ. ಲಕ್ಷಣ ಬರೆಯುವುದು ತಜ್ಞರ ಒಳಮನೆಯ ಕೆಲಸ, ಊರಿಗೂ ಅದಕ್ಕೂ ಏನು ಸಂಬಂಧ ಎಂಬುದು. ಇದಕ್ಕೆ ಉತ್ತರ ಊರಿನಲ್ಲೇ ಇದೆ. ಲಕ್ಷಣಕ್ಕೆ ಸಂದೇಹ ಬಂದರೆ ಹೋಲೊಟೈಪಿನ ಬಳಿಗೆ ಹೋಗಬೇಕು. ಆ ಒಂದು ಚಿಪ್ಪು ಒಡೆದಿದ್ದರೆ, ಕಳೆದಿದ್ದರೆ, ಅದೇ ಪದರದಿಂದ ಹೊಸ ಚಿಪ್ಪು ತರಬೇಕು. ಆ ಪದರ ಎಲ್ಲಿ? ವರ್ಲಿಯ ಗುಡ್ಡದ ಮೇಲೆ ಇಂದು ಕಟ್ಟಡಗಳ ಸಾಲು. ಜೋಗೇಶ್ವರಿಯ ಅಂಬೋಲಿಯಲ್ಲಿ ಇಂಥ ಪದರ ಕಂಡದ್ದೇ ಕಲ್ಲು ಕ್ವಾರಿಯಲ್ಲಿ. ಕ್ವಾರಿ ಪದರವನ್ನು ತೆರೆದು ತೋರಿಸುತ್ತದೆ, ಅದೇ ಕ್ವಾರಿ ಪದರವನ್ನು ಮುಗಿಸಿಯೂ ಬಿಡುತ್ತದೆ. ಪಾರಸಿಕ್ ಗುಡ್ಡದಿಂದ ಸೇಡಂ, ಗುರುಮಠಕಲ್ಲಿನವರೆಗೆ ಕಪ್ಪುಕಲ್ಲಿಗೆ ಬೆಲೆಯಿದೆ. ಅದರ ನಡುವಿನ ಗೇಣುದ್ದದ ಜೇಡಿ ಕಲ್ಲು ಒಡೆಯುವವರಿಗೆ ಬೇಡದ ಕಸ.

ಆ ಕಸವನ್ನು ಕಾಯಲು ಕಾನೂನೂ ಇಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಕೆಲವು ಜಾಗಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಲಾಲ್‌ಬಾಗಿನ ಬಂಡೆ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು ಅವುಗಳಲ್ಲಿ ಸೇರಿವೆ. ಕಣ್ಣಿಗೆ ದೊಡ್ಡದಾಗಿ ಕಾಣುವುದಕ್ಕೆ ಫಲಕ ಸಿಗುತ್ತದೆ. ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಭೂಪರಂಪರೆಯ ತಾಣ ಮತ್ತು ಅವಶೇಷಗಳ ರಕ್ಷಣೆಗೆ ಒಂದು ಕರಡು ಮಸೂದೆ ಹೊರತಂದಿತು. ಅಧಿಕಾರವೆಲ್ಲ ಒಂದೇ ಸರ್ಕಾರಿ ಸಂಸ್ಥೆಯ ಕೈಗೆ ಹೋದರೆ ವಿಶ್ವವಿದ್ಯಾಲಯಗಳಲ್ಲಿ ದುಡಿಯುವವರ ಗತಿಯೇನು ಎಂದು ಪಳೆಯುಳಿಕೆ ವಿಜ್ಞಾನಿಗಳು ಆಕ್ಷೇಪಿಸಿದರು. ಆ ಆಕ್ಷೇಪ ನ್ಯಾಯವಾದದ್ದು. ಮಾದರಿಯನ್ನು ನೋಡಲು ಪರವಾನಗಿ ಕೇಳಬೇಕಾದ ದೇಶದಲ್ಲಿ ಲಕ್ಷಣವನ್ನು ಪ್ರಶ್ನಿಸುವವರು ಉಳಿಯುವುದಿಲ್ಲ. ಹಾಗೆಂದು ಕಾನೂನೇ ಬೇಡವೆನ್ನುವುದು ಕ್ವಾರಿಯ ಮಾಲೀಕನಿಗೆ ಮಾತ್ರ ಅನುಕೂಲ.

ಇಂಥ ಮಸೂದೆಯ ಮೇಲೆ ಕನ್ನಡದಲ್ಲಿ ಚರ್ಚೆಯಾಗಬೇಕಾದರೆ ಓದುಗರಿಗೆ ಮೊದಲು ಕೆಲಸದ ಪರಿಚಯ ಇರಬೇಕು. ಅದಕ್ಕೆ ದೊಡ್ಡ ಸುಧಾರಣೆ ಬೇಕಿಲ್ಲ. ಸುದ್ದಿಮನೆಯಲ್ಲಿ 'ಹೊಸ ಪ್ರಭೇದ ಪತ್ತೆ' ಎಂದು ಟೈಪು ಮಾಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಲಕ್ಷಣ ಬರೆದವರು ಯಾರು? ಯಾವುದರ ಜೊತೆ ಹೋಲಿಸಿ ಬೇರೆಯೆಂದರು? ಮಾದರಿ ಯಾವ ಸಂಗ್ರಹದಲ್ಲಿದೆ, ಬೇರೆಯವರು ಹೋಗಿ ನೋಡಬಹುದೇ? ಅದು ಸಿಕ್ಕ ಪದರ ಈಗಲೂ ಇದೆಯೇ?

ನಾಲ್ಕಕ್ಕೂ ಉತ್ತರ ಸಿಕ್ಕಮೇಲೆ ತಲೆಬರಹ ತಾನಾಗಿ ಬದಲಾಗುತ್ತದೆ: 'ಗುಲ್ಬರ್ಗಾದ ಚಿಪ್ಪು ಮಂಗೋಲಿಯಾದ್ದಲ್ಲ ಎಂದ ಸಂಶೋಧಕರು'. ಅದನ್ನು ಓದಿದವನು ಯಾಕೆ ಎಂದು ಕೇಳುತ್ತಾನೆ. ನಾಲ್ಕನೆಯ ಪ್ರಶ್ನೆಗೆ ಉತ್ತರ 'ಇಲ್ಲ' ಎಂದು ಬಂದರೆ ಅದನ್ನೂ ಅಚ್ಚು ಮಾಡಬೇಕು, ಒಳಪುಟದಲ್ಲಿ ಅಲ್ಲ.